ಕೆಂಪು ದಾರದ ಗಜನಿಂಬೆ

ನಮ್ಮ ಕನ್ನಡ ಸಂಘದಲ್ಲಿ ಈಗ ಜಾಯ್ಸ್ ಲೋಬೊಳ ಹೆಸರೆತ್ತಿದರೆ ಸಾಕು, ಜನ ಮೂಗು ಮುರಿಯುತ್ತಾರೆ. "ಅವಳಾ? ಓಣಂ ಊಟದ ಎಲೆ ಮುಂದೆ ರಂಪ ಮಾಡಿದಳಲ್ಲ, ಅವಳೇ ತಾನೆ?" ಎನ್ನುತ್ತಾರೆ. ಹಬ್ಬದ ದಿನ ಹೆಣ್ಣುಮಗಳು ಅಷ್ಟು ಹಟ ಮಾಡಬಾರದಿತ್ತಂತೆ. ದೊಡ್ಡವರ ಮರ್ಯಾದೆ ಕಾಯಬೇಕಿತ್ತಂತೆ. ಇದನ್ನೆಲ್ಲ ಕೇಳಿ ಕೇಳಿ ನನ್ನ ಮೈ ಉರಿದುಹೋಗಿದೆ. ರಂಪ ಮಾಡಿದವಳ ಹೆಸರು ಎಲ್ಲರಿಗೂ ಗೊತ್ತು, ರಂಪ ಯಾಕಾಯಿತು ಎಂದು ಕೇಳಿದವರು ಒಬ್ಬರೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸುಮಿತ್ರ. ನಂಜನಗೂಡಿನ ಕಡೆಯವಳು. ಕೊಚ್ಚಿ ಪಕ್ಕದ ಆಲುವದ ಬ್ಯಾಂಕಿನಲ್ಲಿ ಕೂತು ಕೂತೇ ತಲೆ ನರೆಸಿಕೊಂಡವಳು. ನನ್ನ ಮನೆಯ ಕೆಳಗಿನ ಮಹಡಿಯಲ್ಲಿ ಜಾಯ್ಸ್ ಇದ್ದಾಳೆ. ಅವಳ ಗಂಡ ಆಶಿಶ್ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು, ವರ್ಷದಲ್ಲಿ ಬಹುಪಾಲು ನೀರಿನ ಮೇಲೆ. ಹಾಗಾಗಿ ಅವಳ ಸಂಜೆಯ ಚಹಾ ನನ್ನ ಮನೆಯಲ್ಲಿ, ನನ್ನ ಭಾನುವಾರದ ಮೀನಿನ ವಾಸನೆ ಅವಳ ಮನೆಯಿಂದ. ನಾನು ಮೀನು ತಿನ್ನುವವಳಲ್ಲ, ಮೂಸುವುದಕ್ಕೆ ಅಡ್ಡಿಯಿಲ್ಲವಲ್ಲ ಎಂದು ಅವಳು ತಮಾಷೆ ಮಾಡುತ್ತಾಳೆ.

ಜಾಯ್ಸ್‌ಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು "ನುಸಿ ಎಣಿಸುವುದು" ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ಆದರೆ ಅದು ನಿಜ. ನಿಂಬೆ ಜಾತಿಯ ಮರಗಳಿಗೆ ನುಸಿ ಹತ್ತುತ್ತದೆ. ಕಣ್ಣಿಗೆ ಧೂಳಿನ ಹಾಗೆ ಕಾಣುವ ಜೀವ. ಎಲೆಯ ರಸ ಹೀರಿ ಹೀರಿ ಅದನ್ನು ಬೂದಿ ಬಣ್ಣ ಮಾಡಿಬಿಡುತ್ತದೆ, ಹಣ್ಣಿನ ಸಿಪ್ಪೆಗೆ ತುಕ್ಕು ಹಿಡಿಸುತ್ತದೆ. ಮಲಯಾಳಿಗಳು ಮಂಡರಿ ಎನ್ನುತ್ತಾರೆ. ಒಮ್ಮೆ ನಾನು ಅದನ್ನು ಹುಳ ಎಂದಿದ್ದಕ್ಕೆ ಜಾಯ್ಸ್ ಚಹಾ ಲೋಟ ಕೆಳಗಿಟ್ಟಳು.

"ಹುಳ ಅಲ್ಲ ಸುಮಿತ್ರಕ್ಕ. ಜೇಡನ ಸಂಬಂಧಿ ಅದು. ಕಾಲು ಎಣಿಸಿ ನೋಡಿ, ಎಂಟು ಉಂಟು."

"ನನಗೇನು ಅದಕ್ಕೆ ಚಪ್ಪಲಿ ಹೊಲಿಸಬೇಕಾ?" ಎಂದೆ ನಾನು. ಆದರೂ ಅವಳ ಭೂತಗನ್ನಡಿಯಲ್ಲಿ ಎಣಿಸಿದೆ. ಎಂಟೇ ಇತ್ತು.

ಮದ್ದು ತಯಾರಿಸುವವರು ತಮ್ಮ ಮದ್ದನ್ನು ತಾವೇ ಪರೀಕ್ಷೆ ಮಾಡಿಕೊಂಡರೆ ಯಾರು ನಂಬುತ್ತಾರೆ? ಅದಕ್ಕೆ ಬೇರೆ ಕಂಪನಿಗಳಿರುತ್ತವೆ. ಆಲುವದಲ್ಲಿರುವ ಅಂಥದ್ದೊಂದರಲ್ಲಿ ಜಾಯ್ಸ್ ಇದ್ದಳು. ಅವರು ತಿರುವನಂತಪುರದ ಹೊರಗೆ ಒಂದು ಗಜನಿಂಬೆ ತೋಟವನ್ನು ಗುತ್ತಿಗೆಗೆ ಹಿಡಿದಿದ್ದರು. ಗಜನಿಂಬೆ ಎಂದರೆ ಮುಷ್ಟಿಗಿಂತ ದೊಡ್ಡದು, ಉಪ್ಪಿನಕಾಯಿಗೆಂದೇ ಹುಟ್ಟಿದ ಹಣ್ಣು. ಓಣಂ ಎಲೆಯ ಎಡತುದಿಗೆ ಅದು ಬೀಳದಿದ್ದರೆ ಇಲ್ಲಿಯವರಿಗೆ ಊಟ ಊಟವಲ್ಲ. ಒಂದು ಸಾಲು ಮರಗಳಿಗೆ ಹೊಸ ಮದ್ದು, ಒಂದು ಸಾಲಿಗೆ ಹಳೆಯ ಗಂಧಕ, ಇನ್ನೊಂದಕ್ಕೆ ಬರೀ ನೀರು. ಜಾಯ್ಸ್ ಆಗಾಗ ರೈಲು ಹತ್ತಿ ಹೋಗುವಳು. ರೆಂಬೆಯ ಕೆಳಗೆ ಬಿಳಿ ತಟ್ಟೆ ಹಿಡಿದು ಬಡಿಯುವಳು, ಬಿದ್ದ ಧೂಳನ್ನು ಬೆರಳಿನಿಂದ ಎಳೆಯುವಳು. ಕೆಂಪು ಗೆರೆ ಮೂಡಿದರೆ ನುಸಿ ಇದೆ ಎಂದರ್ಥ. ಆಮೇಲೆ ಭೂತಗನ್ನಡಿ ಹಿಡಿದು ಎಣಿಕೆ.

ಪರೀಕ್ಷೆಗೆ ಆರಿಸಿದ ಹಣ್ಣುಗಳ ತೊಟ್ಟಿಗೆ ಗುರುತಿನ ದಾರ ಕಟ್ಟಬೇಕು. ಅವಳು ತಂದ ಪ್ಲಾಸ್ಟಿಕ್ ಪಟ್ಟಿಗಳು ಬಿಸಿಲಿಗೆ ಬಿರಿದು ಉದುರುತ್ತಿದ್ದವು. ನಾನು ಉಲ್ಲನ್ ಹೆಣೆಯುವವಳು. ಆಲುವದ ಸೆಕೆಯಲ್ಲಿ ಸ್ವೆಟರ್ ಹೆಣೆಯುತ್ತೇನೆಂದು ಇಡೀ ಕಟ್ಟಡ ನನ್ನನ್ನು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಉಳಿದ ಉಂಡೆಗಳನ್ನು ಅವಳಿಗೆ ಕೊಟ್ಟೆ. ನೀರಿನ ಸಾಲಿಗೆ ಬಿಳಿ, ಗಂಧಕಕ್ಕೆ ಹಳದಿ, ಹೊಸ ಮದ್ದನ್ನು ಅತಿ ಗಟ್ಟಿಯಾಗಿ ಹೊಡೆದ ಮರಗಳಿಗೆ ಕೆಂಪು. ಆ ಕೆಂಪು ನನ್ನ ತಮ್ಮನಿಗೆಂದು ಶುರುಮಾಡಿ ಕೈಬಿಟ್ಟ ಸ್ವೆಟರಿನದು. ಎರಡು ಎಳೆ ಕೆಂಪಿನ ಜೊತೆ ಒಂದು ಎಳೆ ಕಂದು ಸೇರಿಸಿ ನಾನೇ ಹುರಿಮಾಡಿದ ದಾರ. ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಹೊಸ ಮದ್ದು ಕೆಲಸ ಮಾಡಿತು. ಅದನ್ನು ಮುಚ್ಚಿಡುವುದಿಲ್ಲ, ಜಾಯ್ಸ್ ಕೂಡ ಮುಚ್ಚಿಡಲಿಲ್ಲ. ಹಣ್ಣುಗಳಿಗೆ ಎಣ್ಣೆ ಸವರಿದ ಹಾಗೆ ಹೊಳಪು ಬಂದಿತ್ತು ಎಂದು ಅವಳೇ ಸಂತೋಷದಿಂದ ಹೇಳಿದಳು. ಆದರೆ ನುಸಿ ಸತ್ತಿತು ಎಂದ ಮಾತ್ರಕ್ಕೆ ಮನುಷ್ಯ ಹಣ್ಣು ತಿನ್ನಬಹುದು ಎಂದಾಗುವುದಿಲ್ಲ. ಸಿಪ್ಪೆಯಲ್ಲಿ ಮದ್ದು ಎಷ್ಟು ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬ ಪರೀಕ್ಷೆ ಬೇರೆ ಇದೆ, ಅದು ಇನ್ನೂ ಮುಗಿದಿರಲಿಲ್ಲ. ಗಜನಿಂಬೆಯನ್ನೋ ಸಿಪ್ಪೆ ಸಮೇತ ತಿನ್ನುವುದು. ಆದ್ದರಿಂದ ಅಂಥ ತೋಟದ ಹಣ್ಣು ಒಂದನ್ನೂ ಹೊರಗೆ ಬಿಡುವಂತಿಲ್ಲ. ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.

ಇದರಲ್ಲಿ ಜಾಯ್ಸ್‌ಳದ್ದು ಒಂದು ಪದ್ಧತಿಯಿತ್ತು. ಪ್ರತಿ ಹಣ್ಣನ್ನೂ ಎರಡು ಹೋಳು ಮಾಡಿಯೇ ಗುಂಡಿಗೆ ಹಾಕುವಳು. ಇಡೀ ಹಣ್ಣು ಹೂತರೆ ಯಾರಾದರೂ ಅಗೆದು ತೆಗೆದಾರು ಎಂಬ ಭಯ. ತೋಟ ನೋಡಿಕೊಳ್ಳುವ ಅಚ್ಯುತನ್ ಗುಂಡಿ ತೋಡುವನು, ಇವಳು ಮಣೆ ಹಾಕಿಕೊಂಡು ಕೂತು ಕೊಯ್ಯುವಳು. ಹುಳಿ ತಾಗಿ ಬೆರಳ ಸಂದಿಯೆಲ್ಲ ಉರಿದು ಕೆಂಪಾಗಿ ಮನೆಗೆ ಬರುತ್ತಿದ್ದಳು. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಾ ಬೈಯುತ್ತಿದ್ದೆ.

ಈ ಹಟ ಎಲ್ಲಿಂದ ಬಂತು ಎಂದರೆ ಅವಳ ಅಪ್ಪನಿಂದ. ಲೊರೆನ್ಸ್ ಲೋಬೊ ಕಿನ್ನಿಗೋಳಿಯ ಸುತ್ತಮುತ್ತ ಮದುವೆಗಳಿಗೆ ಅಡುಗೆ ಮಾಡುತ್ತಿದ್ದವರು. ಬಡಿಸುವ ಮೊದಲು ಪ್ರತಿ ಪಾತ್ರೆಯಿಂದ ಒಂದು ತುತ್ತು ತೆಗೆದು, ಅಂಗಳದಲ್ಲಿ ಜನ ನೋಡುವ ಹಾಗೆ ನಿಂತು ತಾವೇ ತಿನ್ನುತ್ತಿದ್ದರಂತೆ. ಒಂದು ಮದುವೆಯಲ್ಲಿ ಅವರಿಗೆ ಜ್ವರ, ನಾಲಿಗೆ ಕಹಿ. ಆದರೂ ಬಿಡಲಿಲ್ಲವಂತೆ. "ರುಚಿ ನೋಡ್ಲಿಕ್ಕೆ ಅಲ್ಲ ಮಗಾ, ನಾನು ತಿಂದದ್ದನ್ನೇ ನಿಮಗೆ ಹಾಕುದು ಅಂತ ಅವರಿಗೆ ಗೊತ್ತಾಗ್ಬೇಕು" ಎಂದು ಮಗಳಿಗೆ ಹೇಳಿದ್ದರು. ಆ ಅಡುಗೆಯವನ ಮಗಳು ಧಾರವಾಡದಲ್ಲಿ ಕೃಷಿ ಓದಿ, ಮೇಲಿನ ಪದವಿ ಮಾಡಿ, ಮದುವೆಯಾಗಿ ಕೊಚ್ಚಿಗೆ ಬಂದಳು.

ಕಂಪನಿಯ ಮುಖ್ಯಸ್ಥ ಸುಧನ್ವ. ಬೆಂಗಳೂರಿನವನು, ನಮ್ಮ ಕನ್ನಡ ಸಂಘದ ಅಧ್ಯಕ್ಷನೂ ಅವನೇ. ರಾಜ್ಯೋತ್ಸವದ ವೇದಿಕೆಯಲ್ಲಿ ಅವನು ಮಾತಾಡಲು ನಿಂತರೆ ಹಿಂದಿನ ಸಾಲಿನವರೂ ಹರಟೆ ನಿಲ್ಲಿಸುತ್ತಿದ್ದರು. ನಮ್ಮವನೊಬ್ಬ ಇಷ್ಟು ಮೇಲೆ ಬಂದಿದ್ದಾನಲ್ಲ ಎಂದು ನಾವೆಲ್ಲ ತಲೆಯ ಮೇಲೆ ಕೂರಿಸಿಕೊಂಡಿದ್ದೆವು.

ಈ ಸಲ ಹಣ್ಣು ಹೂಳುವ ಹೊತ್ತಿಗೆ ಸುಧನ್ವ ಜಾಯ್ಸ್‌ಳನ್ನು ಆಲುವದಲ್ಲೇ ಉಳಿಸಿಕೊಂಡ. ಮದ್ದಿನ ಕಂಪನಿಯವರು ಬರುತ್ತಾರೆ, ನೀವಿಲ್ಲದೆ ಆಗುವುದಿಲ್ಲ, ತೋಟಕ್ಕೆ ನಾನೇ ಹೋಗಿ ಹೂಳಿಸುತ್ತೇನೆ ಎಂದ. ಮುಚ್ಚಿದ ಗುಂಡಿಯ ಫೋಟೊ ಅವಳ ಫೋನಿಗೆ ಬಂತು. ಮೇಲೆ ಹೊಸ ಮಣ್ಣು, ಪಕ್ಕದಲ್ಲಿ ಹಾರೆ. ಅವಳು ನಂಬಿದಳು. ಸಂಘದ ಅಧ್ಯಕ್ಷನ ಮಾತನ್ನು ನಾವೆಲ್ಲ ನಂಬುತ್ತಿದ್ದೆವು.

ಓಣಂಗೆ ಮುಂಚಿನ ಭಾನುವಾರ ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಿತ್ತು. ಸುಧನ್ವ ಜರಿಯಂಚಿನ ಮುಂಡು ಉಟ್ಟು ನಿಂತಿದ್ದಾನೆ. ಮುಂದೆ ಬುಟ್ಟಿ ಬುಟ್ಟಿ ಗಜನಿಂಬೆ, ಅಕ್ಕಪಕ್ಕದಲ್ಲಿ ಕೈಮುಗಿದ ಹೆಂಗಸರು. ಕೆಳಗೆ, "ಉಳ್ಳೂರಿನ ಅನ್ನದಾನದ ಅಡುಗೆಮನೆಗೆ ನಮ್ಮ ಅಧ್ಯಕ್ಷರ ಓಣಂ ಕಾಣಿಕೆ." ಎಲ್ಲರೂ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು. ಮಧ್ಯದ ಹೆಂಗಸಿನ ಸೀರೆಯ ಅಂಚು ಚೆನ್ನಾಗಿದೆಯಲ್ಲ ಎಂದು ನಾನು ಫೋಟೊವನ್ನು ಹಿಗ್ಗಿಸಿದೆ. ಸೀರೆಯ ಕೆಳಗೆ ಬುಟ್ಟಿ, ಬುಟ್ಟಿಯ ಹಣ್ಣುಗಳ ತೊಟ್ಟಿನಲ್ಲಿ ನನ್ನ ದಾರ. ಎರಡು ಎಳೆ ಕೆಂಪು, ಒಂದು ಎಳೆ ಕಂದು.

ಚಪ್ಪಲಿ ಹಾಕಿಕೊಳ್ಳದೆ ಕೆಳಗಿಳಿದು ಓಡಿದೆ. ಜಾಯ್ಸ್ ಚರ್ಚಿನಿಂದ ಆಗಷ್ಟೇ ಬಂದಿದ್ದಳು. ಫೋಟೊ ನೋಡಿದವಳು ಸುಧನ್ವನಿಗೆ ಫೋನು ಮಾಡಿದಳು. ನನಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟಳು.

"ಸರ್, ಅದನ್ನು ಹೂತದ್ದಲ್ಲವಾ?"

"ಅಯ್ಯೋ ಜಾಯ್ಸ್, ಅಷ್ಟು ಚೆನ್ನಾಗಿರೋ ಹಣ್ಣನ್ನ ಮಣ್ಣಿಗೆ ಹಾಕೋಕೆ ಮನಸ್ಸು ಬರುತ್ತೇನ್ರೀ? ಹಬ್ಬ ಬೇರೆ. ನಾಲ್ಕು ಜನ ಉಣ್ಲಿ ಅಂತ ಕೊಟ್ಟೆ."

"ಪರೀಕ್ಷೆ ಮುಗಿಲಿಲ್ಲ ಸರ್. ಸಿಪ್ಪೆಯಲ್ಲಿ ಎಷ್ಟು ಉಂಟು ಅಂತ ನಮಗೇ ಗೊತ್ತಿಲ್ಲ."

"ಮಳೆ ಬಂದಿದೆ, ಎಲ್ಲ ತೊಳ್ದು ಹೋಗಿರುತ್ತೆ. ಏನೂ ಆಗಲ್ಲ."

"ಮಳೆಗೂ ಹೋಗುದಿಲ್ಲ, ಅಷ್ಟು ಒಳ್ಳೆ ಹಿಡಿತ ಉಂಟು ಅಂತ ಮೊನ್ನೆ ಮದ್ದಿನವರಿಗೆ ನೀವೇ ಹೇಳಿದ್ದು. ನಾನು ಪಕ್ಕದಲ್ಲೇ ಕೂತಿದ್ದೆ."

ಅವನು ನಕ್ಕ. "ಫ್ರೀ ಊಟ ರೀ ಅದು. ಎಲೆ ಮೂಲೇಲಿ ಒಂದು ಚೂರು ಉಪ್ಪಿನಕಾಯಿ. ಅದರಲ್ಲಿ ಯಾರು ಏನು ಹುಡುಕ್ತಾರೆ? ಸುಮ್ನೆ ತಲೆ ಕೆಡಿಸ್ಕೋಬೇಡಿ."

ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಫ್ರೀ ಊಟವಂತೆ! ದುಡ್ಡು ಕೊಟ್ಟು ಉಣ್ಣುವವನ ಹೊಟ್ಟೆಯೇ ಬೇರೆ, ಪುಕ್ಕಟೆ ಉಣ್ಣುವವನ ಹೊಟ್ಟೆಯೇ ಬೇರೆಯೇನು? ತನ್ನ ಮನೆಯ ಜಾಡಿಗೆ ಹಾಕಿಕೊಳ್ಳಲಿಲ್ಲ ಮಹಾನುಭಾವ. ಮಣ್ಣಿಗೆ ಹಾಕಬೇಕಾದ್ದನ್ನು ದಾನ ಮಾಡಿ ಫೋಟೊ ತೆಗೆಸಿಕೊಂಡ.

"ಹೋಗುವ ಸುಮಿತ್ರಕ್ಕ," ಎಂದಳು ಜಾಯ್ಸ್. ಸಿಕ್ಕಿದ ರೈಲಿಗೆ ಹತ್ತಿದೆವು. ದಾರಿಯಲ್ಲಿ ಅವಳು ಅಚ್ಯುತನ್‌ಗೆ ಫೋನು ಮಾಡಿದಳು. ಅವನು ಹೇಳಿದ್ದು ಇಷ್ಟು. ಗುಂಡಿ ತೋಡಿದ್ದು ನಿಜ, ಮುಚ್ಚಿದ್ದೂ ನಿಜ, ಒಳಗೆ ಏನೂ ಇರಲಿಲ್ಲ. "ಮೇಡಂ ಬಂದು ಕೊಯ್ಯುವುದಿಲ್ಲವಾ" ಎಂದು ಇವನು ಕೇಳಿದ್ದಕ್ಕೆ ಸುಧನ್ವ ಸರ್ "ಮೇಡಂಗೆ ಎಲ್ಲ ಗೊತ್ತು, ಅವರೇ ಹೇಳಿದ್ದು" ಎಂದರಂತೆ. ಜಾಯ್ಸ್ ಫೋನು ಇಟ್ಟು ಕಿಟಕಿಯ ಕಡೆ ತಿರುಗಿದಳು. ಅವಳ ಹೆಸರು ಹೇಳಿಯೇ ಬುಟ್ಟಿ ತುಂಬಿಸಿದ್ದಾನೆ ಎಂದು ತಿಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು ಆಟೊ ಹಿಡಿದೆವು. ಆ ಅಡುಗೆಮನೆ ಉಳ್ಳೂರಿನ ಒಂದು ಓಣಿಯಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹತ್ತಿರ. ಸುತ್ತಲಿನ ಮನೆಗಳ ಹೆಂಗಸರು ಸೇರಿ ದಿನಾ ಬಾಳೆಲೆಯಲ್ಲಿ ಅನ್ನ, ಪಲ್ಯ, ಚೂರು ಉಪ್ಪಿನಕಾಯಿ ಕಟ್ಟುತ್ತಾರೆ. ಪೊದಿಚ್ಚೋರು ಎಂದು ಕರೆಯುವ ಆ ಪೊಟ್ಟಣ ವಾರ್ಡುಗಳಲ್ಲಿ ಮಲಗಿದವರಿಗೆ, ಅವರ ಜೊತೆ ನೆಲದ ಮೇಲೆ ಕಾದು ಕೂತವರಿಗೆ ಹೋಗುತ್ತದೆ. ಅದನ್ನು ನಡೆಸುವವರು ಚಂದ್ರಾವತಿ. ಕುಂಬಳೆಯ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು. ನಮ್ಮ ಕನ್ನಡ ಕೇಳಿ ಅವರ ಮುಖ ಅರಳಿತು.

"ಬನ್ನಿ ಬನ್ನಿ. ಸುಧನ್ವ ಸಾರಿನ ಕಡೆಯವರಾ? ಎಂಥಾ ಹಣ್ಣು ಮಾರಾಯ್ರೆ! ಗುರುವಾರ ಬಂದ ಕೂಡಲೇ ಉಪ್ಪಿಗೆ ಹಾಕಿ ಆಯ್ತು. ತಿರುವೋಣ, ಹಬ್ಬದ ದಿನವೇ, ಎಲ್ಲರಿಗೂ ಕಟ್ಟುದು."

ಗೋಡೆಯ ಉದ್ದಕ್ಕೂ ಭರಣಿಗಳು, ಬಾಯಿಗೆ ಬಿಳಿ ಬಟ್ಟೆ ಬಿಗಿದು ನಿಂತಿದ್ದವು. ಇನ್ನೂ ಯಾರ ಎಲೆಗೂ ಬಿದ್ದಿಲ್ಲ ಎಂದು ನನಗೆ ಉಸಿರು ಬಂತು. ಜಾಯ್ಸ್ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮೊದಲು ಕನ್ನಡದಲ್ಲಿ, ಆಮೇಲೆ ಮಲಯಾಳದಲ್ಲಿ ಉಳಿದ ಹೆಂಗಸರಿಗೆ. ಚಂದ್ರಾವತಿಯ ಮುಖ ಕಪ್ಪಿಟ್ಟಿತು.

"ವಿಷವಾ ಅದು?"

"ವಿಷ ಅಂತ ನಾನು ಹೇಳುದಿಲ್ಲ ಅಮ್ಮ. ಗೊತ್ತಿಲ್ಲ ಅಂತ ಹೇಳುದು. ಗೊತ್ತಾಗುವ ಮೊದಲು ಯಾರೂ ತಿನ್ನಬಾರದು, ಅಷ್ಟೇ."

"ಗೊತ್ತಿಲ್ಲದ್ದನ್ನು ನಮ್ಮಲ್ಲಿಗೆ ತಂದದ್ದಾ? ಇಲ್ಲಿ ಉಣ್ಣುವವರು ಯಾರು ಅಂತ ಗೊತ್ತುಂಟಾ ನಿಮಗೆ? ಕರುಳು ಕೊಯ್ಸಿಕೊಂಡವರು, ಕಿಮೋ ಹಾಕ್ಸಿಕೊಂಡವರು!" ಚಂದ್ರಾವತಿಯ ಧ್ವನಿ ಏರಿತು. "ನಾಳೆ ಅವರಿಗೆ ವಾಂತಿಯೋ ಭೇದಿಯೋ ಆದ್ರೆ ಯಾರ ಹೆಸರು ಬರುದು? ನಿಮ್ಮ ಕಂಪನಿದ್ದಾ? ಈ ಹೆಂಗಸರ ಕೈಯಡಿಗೆಯದ್ದು!"

ಇದು ನನಗೆ ಹೊಳೆದೇ ಇರಲಿಲ್ಲ. ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ, ಬೆಂಕಿಯ ಮುಂದೆ ನಿಂತು ಬೇಯಿಸಿದವರ ಮೇಲೆಯೇ ಬರುತ್ತಿತ್ತು ಕೆಟ್ಟ ಹೆಸರು. ಜರಿಯಂಚಿನ ಮುಂಡಿನವನು ಆಗಲೂ ಹೂಗುಚ್ಛ ಹಿಡಿದು ಆಸ್ಪತ್ರೆಗೆ ಬಂದು ಇನ್ನೊಂದು ಫೋಟೊ ತೆಗೆಸಿಕೊಳ್ಳುತ್ತಿದ್ದ. ಬಟ್ಟೆ ಬಿಚ್ಚಿದ ಭರಣಿಯ ಮುಂದೆ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಸುಧನ್ವನ ಫೋನು ಬಂತು. ಅಚ್ಯುತನ್ ಅವನಿಗೆ ಸುದ್ದಿ ಮುಟ್ಟಿಸಿರಬೇಕು. "ಜಾಯ್ಸ್, ಚೆಲ್ಲಿಸ್ಬೇಕು ಅಂದ್ರೆ ಚೆಲ್ಲಿಸಿ. ಬೂಸ್ಟು ಬಂದಿದೆ ಅಂತ ಹೇಳ್ಬಿಡಿ, ಮುಗೀತು. ಮದ್ದಿನ ಮಾತು ಎತ್ಬೇಡಿ."

"ಹೇಳಿ ಆಯ್ತು ಸರ್," ಎಂದು ಇವಳು ಫೋನು ಕಟ್ ಮಾಡಿದಳು. ಅವರ ಉಪ್ಪಿಗೆ ಬೂಸ್ಟು ಬಂತು ಎಂದು ಅವರ ಮುಂದೆಯೇ ಸುಳ್ಳು ಹೇಳಬೇಕಂತೆ. ಕೊಟ್ಟವನದ್ದು ತಪ್ಪಿಲ್ಲ, ಹಾಕಿದವರ ಕೈ ಸರಿಯಿಲ್ಲ ಎಂದಾಗಬೇಕು!

ಹಿತ್ತಲಲ್ಲಿ, ಬಾವಿಯಿಂದ ದೂರ, ಗುಂಡಿ ತೋಡಿಸಿ ಸುಣ್ಣ ತರಿಸಿದೆವು. ಜಾಯ್ಸ್ ಒಂದು ಸಣ್ಣ ಭರಣಿಯನ್ನು ಮಾತ್ರ ಬಾಯಿ ಬಿಗಿದು ದೂರಿನ ಜೊತೆ ಕೊಡಲು ಇಟ್ಟುಕೊಂಡಳು. ಮಿಕ್ಕದ್ದೆಲ್ಲ ಮಣ್ಣಿಗೆ ಹೋಯಿತು. ಉಪ್ಪು ಖಾರ ಹಾಕಿದ ಹೆಂಗಸರೇ ಸುರಿದರು. ಕೊನೆಯ ಭರಣಿ ಖಾಲಿಯಾದ ಮೇಲೆ ಜಾಯ್ಸ್ ಸುತ್ತ ನೋಡಿದಳು.

"ದಾರ ಕಟ್ಟಿದ ಹಣ್ಣುಗಳು ಎಲ್ಲಿ?"

ಚಂದ್ರಾವತಿ ಅವಳನ್ನೇ ನೋಡಿದರು. "ಕೆಂಪು ದಾರದ್ದಾ? ಅದನ್ನು ಉಪ್ಪಿಗೆ ಹಾಕುದುಂಟಾ? ಯಾವುದೋ ದೇವಸ್ಥಾನದ ಹರಕೆಯ ಹಣ್ಣು ಅಂತ ತೆಗೆದಿಟ್ಟೆವು. ನಿನ್ನೆ ಊಟದ ಜೊತೆ ಕೊಟ್ಟದ್ದು. ತೀರಾ ಸೀರಿಯಸ್ ಇದ್ದವರ ಹಾಸಿಗೆಗೆ."

ಜಾಯ್ಸ್ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಎಲ್ಲಕ್ಕಿಂತ ಗಟ್ಟಿ ಮದ್ದು ಹೊಡೆದ ಹಣ್ಣುಗಳು ಎಲ್ಲರಿಗಿಂತ ಬಡವಾದ ದೇಹಗಳ ಬಳಿ ಹೋಗಿದ್ದವು. ನನ್ನ ದಾರ ಕಟ್ಟಿಕೊಂಡು, ದೇವರ ಪ್ರಸಾದವೆಂದು.

ಸಂಜೆ ವಾರ್ಡಿಗೆ ಬಿಡುವ ಹೊತ್ತಿಗೆ ನಾವು ಮೂವರೂ ಹೋದೆವು. ಯಾರಿಗೆ ಕೊಟ್ಟದ್ದು ಎಂದು ಚಂದ್ರಾವತಿಗೆ ನೆನಪಿತ್ತು. ಮೊದಲನೆಯ ಹಾಸಿಗೆಯ ಹತ್ತಿರ ಹೋಗುವಾಗ ಜಾಯ್ಸ್ ನನ್ನ ಕೈ ಹಿಡಿದುಕೊಂಡಳು. ಹಣ್ಣು ತಲೆದಿಂಬಿನ ಪಕ್ಕದಲ್ಲಿತ್ತು, ಇಡಿಯಾಗಿ. ಎರಡನೆಯದು ಔಷಧಿ ಚೀಲದಲ್ಲಿ, ಅದೂ ಇಡಿಯಾಗಿ. ದೇವರ ಹಣ್ಣು ಎಂದ ಮೇಲೆ ಯಾರೂ ಅದನ್ನು ಕೊಯ್ದಿರಲಿಲ್ಲ, ಹಿಂಡಿರಲಿಲ್ಲ. ಆ ಹೆಂಗಸರು ತಪ್ಪು ತಿಳಿದದ್ದೇ ಅಷ್ಟು ಜನರನ್ನು ಕಾಪಾಡಿತ್ತು. ಕೇಳಿದವರೆಲ್ಲ ಸುಮ್ಮನೆ ಕೊಟ್ಟರು. ಪುಕ್ಕಟೆಯಾಗಿ ಬಂದದ್ದು ಪುಕ್ಕಟೆಯಾಗಿ ಹೋಗುವುದು ಅವರಿಗೆ ಹೊಸದಲ್ಲ.

ಮೇರಿ ಎಂಬ ಮುದುಕಿ ಮಾತ್ರ ಕೊಡಲಿಲ್ಲ. ಕಡಲತೀರದ ಕಡೆಯವಳು, ಗಂಡ ಕಣ್ಣುಮುಚ್ಚಿ ಮಲಗಿದ್ದ. ಕುತ್ತಿಗೆಯಲ್ಲಿ ಶಿಲುಬೆ, ಕೈಯಲ್ಲಿ ಆ ಹಣ್ಣು. ಯಾವ ದೇವರಾದರೇನು, ಇದು ಬಂದ ಮೇಲೆ ಅವನು ಸ್ವಲ್ಪ ಗಂಜಿ ಕುಡಿದ ಎಂದಳು. ಜಾಯ್ಸ್ ಅವಳ ಪಕ್ಕ ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದಳು. "ಇದು ಹರಕೆಯದ್ದಲ್ಲ ಅಮ್ಮಚ್ಚಿ, ಮದ್ದು ಹೊಡೆದು ಪರೀಕ್ಷೆ ಮಾಡಿದ ಹಣ್ಣು, ದಾರ ಕಟ್ಟಿದವಳು ನಾನೇ." ಮುದುಕಿ ಹಣ್ಣನ್ನೂ ಇವಳನ್ನೂ ನೋಡಿದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

"ತಿನ್ನಬಾರದ್ದು ಅಂತ ಅವರಿಗೆ ಗೊತ್ತಿತ್ತಲ್ಲ ಮಗಳೇ. ಮತ್ತೆ ನಮಗೆ ಯಾಕೆ ತಂದುಕೊಟ್ಟರು?"

ಮುದುಕಿ ಹಣ್ಣನ್ನು ಜಾಯ್ಸ್‌ಳ ಮಡಿಲಿಗೆ ಹಾಕಿ ಗಂಡನ ಕಡೆ ತಿರುಗಿ ಕೂತಳು.

ಒಂದು ಹಣ್ಣು ಸಿಗಲಿಲ್ಲ. ಆ ಹಾಸಿಗೆಯವನನ್ನು ಬೆಳಿಗ್ಗೆ ಮನೆಗೆ ಕರೆದುಕೊಂಡು ಹೋಗಿದ್ದರಂತೆ. ಯಾವ ಊರು ಎಂದು ಅಕ್ಕಪಕ್ಕದವರಿಗೆ ತಿಳಿಯದು. ಜಾಯ್ಸ್ ಕಾರಿಡಾರಿನಲ್ಲಿ ಕಂಡ ನರ್ಸುಗಳನ್ನೆಲ್ಲ ಕೇಳಿದಳು. ರೋಗಿಯ ವಿಳಾಸ ಹಾಗೆಲ್ಲ ಕೊಡಲಾಗದು, ನಾವೇ ಫೋನು ಮಾಡಿ ತಿಳಿಸುತ್ತೇವೆ ಎಂದರು, ಮಾಡಿದರು ಕೂಡ. ಆ ಕಡೆ ಫೋನು ಯಾರೂ ಎತ್ತಲಿಲ್ಲ. ಇವತ್ತಿಗೂ ಚಹಾ ಕುಡಿಯುತ್ತಾ ಅವಳು ಇದ್ದಕ್ಕಿದ್ದಂತೆ ಸುಮ್ಮನಾದರೆ, ಆ ಒಂದು ಹಣ್ಣಿನ ಬಗ್ಗೆ ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತದೆ.

ಮಂಗಳವಾರ ಕಂಪನಿಯ ಸಭಾಂಗಣದಲ್ಲಿ ಓಣಂ ಊಟ. ಸಂಘದವರಿಗೂ ಸುಧನ್ವನ ಕರೆಯಿತ್ತು. ಜಾಯ್ಸ್ ಹಿಂದಿನ ದಿನವೇ ದೂರು ಬರೆದು ಭರಣಿಯ ಸಮೇತ ಆಹಾರ ಸುರಕ್ಷತಾ ಇಲಾಖೆಗೆ ಕೊಟ್ಟು ಬಂದಿದ್ದಳು. ಅದರ ಫಲಿತಾಂಶ ಇನ್ನೂ ಬರಬೇಕಷ್ಟೆ. ಊಟಕ್ಕೆ ಅವಳು ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಜರಿಯಂಚಿನ ಕಸವು ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಂದಳು.

ಹೂವಿನ ರಂಗೋಲಿ, ಉದ್ದ ಬೆಂಚುಗಳು, ಸಾಲಾಗಿ ಬಾಳೆಲೆ. ಸುಧನ್ವ ಎಲ್ಲರನ್ನೂ ಕೈಹಿಡಿದು ಕೂರಿಸಿದ. ಜಾಯ್ಸ್‌ಳನ್ನು ಕಂಡು, ಏನೂ ಆಗದವನಂತೆ "ಹ್ಯಾಪಿ ಓಣಂ" ಎಂದ. ತಾನು ನಡುವೆ ಕೂತ. ಅನ್ನ ಬಿತ್ತು, ಪರಿಪ್ಪು ತೊವ್ವೆ ಬಿತ್ತು, ಹಪ್ಪಳ ಮುರಿಯುವ ಸದ್ದು ಶುರುವಾಯಿತು. ಆಗ ನನ್ನ ಪಕ್ಕದವಳೊಬ್ಬಳು, ಸರ್ ಈ ಸಲ ಆಸ್ಪತ್ರೆಯವರಿಗೆ ಎಷ್ಟು ಒಳ್ಳೆಯ ಕೆಲಸ ಮಾಡಿದಿರಿ ಎಂದಳು. ಅವನು ತಲೆ ತಗ್ಗಿಸಿ, ನಮ್ಮ ಕೈಲಾದ ಅಳಿಲು ಸೇವೆ ಎಂದು ಹಲ್ಲುಬಿಟ್ಟ.

ಜಾಯ್ಸ್ ಎದ್ದಳು. ಬೆಂಚುಗಳ ನಡುವೆ ಬಂದು ಅವನ ಎದುರು ನಿಂತು, ಚೀಲದಿಂದ ಮೇರಿಯ ಹಣ್ಣನ್ನು ತೆಗೆದಳು. ತೊಟ್ಟಿನಲ್ಲಿ ಕೆಂಪು ದಾರ ಹಾಗೇ ಇತ್ತು. ಉಪ್ಪಿನಕಾಯಿ ಹಾಕುವ ಎಡತುದಿಯಲ್ಲಿ, ಅವನ ಎಲೆಯ ಮೇಲೆ ಅದನ್ನು ಇಟ್ಟಳು. ಪಕ್ಕದಲ್ಲಿ ಒಂದು ಚಾಕು.

"ಇದೇನ್ರೀ ತಮಾಷೆ?" ಎಂದ ಅವನು.

"ತಮಾಷೆ ಅಲ್ಲ ಸರ್. ನಮ್ಮ ತೋಟದ್ದು. ಆಸ್ಪತ್ರೆಯಲ್ಲಿ ಒಬ್ಬರು ಅಮ್ಮಚ್ಚಿಯ ಕೈಯಿಂದ ವಾಪಸ್ ತಂದದ್ದು." ಅವಳ ಧ್ವನಿ ಏರಲಿಲ್ಲ. "ಏನೂ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ಲವಾ? ನನ್ನ ಅಪ್ಪ ಬಡಿಸುವ ಮೊದಲು ಎಲ್ಲರ ಎದುರು ತಾನು ತಿಂತಿದ್ದ. ನೀವು ಬಡಿಸಿ ಆಗಿದೆ. ಈಗಾದ್ರೂ ಒಂದು ಹೋಳು ತಿನ್ನಿ."

ಹಪ್ಪಳದ ಸದ್ದು ನಿಂತಿತು. ಅವನು ನಗಲು ನೋಡಿದ, ಅಕ್ಕಪಕ್ಕದವರ ಮುಖ ನೋಡಿದ. "ಹಬ್ಬದ ದಿನ ಸೀನ್ ಮಾಡ್ಬೇಡಿ ಜಾಯ್ಸ್, ಆಮೇಲೆ ಮಾತಾಡೋಣ" ಎಂದ. ಇವಳು ಕದಲಲಿಲ್ಲ. ಹಿರಿಯರೊಬ್ಬರು ಜಾಯ್ಸ್‌ಳಿಗೇ ಗದರಿದರು, "ಏನಮ್ಮಾ, ಉಣ್ಣೋ ಮನುಷ್ಯನನ್ನ ಹೀಗೆ ಎಬ್ಬಿಸ್ತಾರಾ?" ನನಗೆ ತಡೆಯಲಾಗಲಿಲ್ಲ. "ಎಬ್ಬಿಸ್ತಿಲ್ಲ ಸ್ವಾಮೀ, ತಿನ್ನಿ ಅಂತಿದಾಳೆ" ಎಂದೆ ಗಟ್ಟಿಯಾಗಿ.

ಸುಧನ್ವ ಹಣ್ಣನ್ನು ಮುಟ್ಟಲಿಲ್ಲ. ಎರಡು ಕೈಯನ್ನೂ ಎಲೆಯಿಂದ ಹಿಂದೆ ಎಳೆದುಕೊಂಡಿದ್ದ. ಕಲಸಿದ ಅನ್ನ ಅವನ ಬೆರಳಲ್ಲೇ ಒಣಗುತ್ತಿತ್ತು. ಆಮೇಲೆ, ಯಾರೂ ಕೇಳಲಿಲ್ಲವೆಂದುಕೊಂಡನೋ ಏನೋ, ಬಡಿಸುವವನ ಕಡೆ ಬಾಗಿ ಮೆಲ್ಲಗೆ ಹೇಳಿದ. ಸಭಾಂಗಣ ಅಷ್ಟು ನಿಶ್ಶಬ್ದವಾಗಿತ್ತಲ್ಲ, ಕೊನೆಯ ಬೆಂಚಿನವರಿಗೂ ಕೇಳಿಸಿತು.

"ಈ ಎಲೆ ತೆಗೆದುಬಿಡಿ. ನನಗೆ ಬೇರೆ ಎಲೆ ಹಾಕಿ."